ಒಂದು ಮಿಲಿವೋಲ್ಟಿನ ಪಾಡು

ಇಸಿಜಿ ತೆಗೆಯುವಾಗ ಬಲಗಾಲಿಗೂ ಒಂದು ಕ್ಲಿಪ್ ಹಾಕುತ್ತಾರೆ, ಸಾಮಾನ್ಯವಾಗಿ ಕಪ್ಪು ಬಣ್ಣದ್ದು. ಎರಡು ಕೈ, ಎಡಗಾಲು, ಎದೆಯ ಮೇಲಿನವೆಲ್ಲ ಹೃದಯದ ವಿದ್ಯುತ್ತನ್ನು ಅಳೆಯುತ್ತವೆ. ಬಲಗಾಲಿನದು ಮಾತ್ರ ಏನನ್ನೂ ಅಳೆಯುವುದಿಲ್ಲ. ಮತ್ತೇಕೆ ಅದು?

ಒಂದು ಬಡಿತ ಚರ್ಮದ ಮೇಲೆ ಮೂಡಿಸುವ ವೋಲ್ಟೇಜು ಸುಮಾರು ಒಂದು ಮಿಲಿವೋಲ್ಟ್. ವೋಲ್ಟೇಜನ್ನು ಅಂಕಿಯಾಗಿಸುವ ಚಿಪ್ಪಿಗೆ ಎಡಿಸಿ ಎನ್ನುತ್ತಾರೆ. 12 ಬಿಟ್ಟಿನ ಎಡಿಸಿ 3.3 ವೋಲ್ಟನ್ನು 4096 ಮೆಟ್ಟಿಲು ಮಾಡುತ್ತದೆ. ಒಂದೊಂದೂ ಸುಮಾರು 0.8 ಮಿಲಿವೋಲ್ಟ್. ನೇರವಾಗಿ ಕೊಟ್ಟರೆ ಇಡೀ ಬಡಿತ ಒಂದು ಮೆಟ್ಟಿಲು ಹತ್ತಿ ಇಳಿಯುವುದರಲ್ಲೇ ಮುಗಿಯುತ್ತದೆ.

ಹಿಗ್ಗಿಸಿದರಾಯಿತು ಎನ್ನಬಹುದು. ಆದರೆ ಲೋಹ, ಜೆಲ್ಲಿ, ಚರ್ಮ ಸೇರುವಲ್ಲಿ ಪುಟ್ಟದೊಂದು ಬ್ಯಾಟರಿಯೇ ಹುಟ್ಟಿಕೊಳ್ಳುತ್ತದೆ. ಅದು 300 ಮಿಲಿವೋಲ್ಟಿನವರೆಗೂ ಇರಬಹುದೆಂದು ಲೆಕ್ಕ ಹಿಡಿದೇ ಯಂತ್ರ ಕಟ್ಟುತ್ತಾರೆ. ಅದನ್ನೂ ಸೇರಿಸಿ 500 ಪಟ್ಟು ಹಿಗ್ಗಿಸಹೊರಟರೆ 150 ವೋಲ್ಟ್ ಬೇಕು! ಆಂಪ್ಲಿಫೈಯರ್ ತನ್ನ ಮಿತಿಗೆ ಅಂಟಿಕೊಂಡು ಕೂರುತ್ತದೆ. ಹಾಗಾಗಿ ಮೊದಲು ಸ್ವಲ್ಪವೇ ಹಿಗ್ಗಿಸಿ, ಆ ಬ್ಯಾಟರಿಯ ಪಾಲನ್ನು ಕಳೆದು, ಉಳಿದದ್ದನ್ನು ಮತ್ತೆ ಹಿಗ್ಗಿಸುವುದು ರೂಢಿ.

ಇನ್ನೊಂದು ಕಾಟ, ಗೋಡೆಯೊಳಗಿನ 50 ಹರ್ಟ್ಸ್ ಕರೆಂಟು. ಅದು ಮೈಯನ್ನೆಲ್ಲ ತಟ್ಟುತ್ತದೆ, ಎರಡೂ ಕೈಗೆ ಹೆಚ್ಚುಕಡಿಮೆ ಸಮನಾಗಿ. ಇನ್‌ಸ್ಟ್ರುಮೆಂಟೇಶನ್ ಆಂಪ್ಲಿಫೈಯರ್ ಎರಡು ಕೈಗಳ ವ್ಯತ್ಯಾಸವನ್ನಷ್ಟೇ ಹಿಗ್ಗಿಸುವುದರಿಂದ ಸಮನಾದದ್ದು ಬಹುಪಾಲು ಕಳಚಿಹೋಗುತ್ತದೆ. ಸಾಲದ್ದಕ್ಕೆ, ಆ ಸಮಪಾಲನ್ನು ತಿರುವುಮುರುವು ಮಾಡಿ ಬಲಗಾಲಿನ ಮೂಲಕ ಮೈಗೇ ಹಿಂತಿರುಗಿಸುತ್ತಾರೆ. ಕಪ್ಪು ಕ್ಲಿಪ್ಪಿನ ಕೆಲಸ ಇದು.

ಇಂಥ ಬೇಡದ ಅಲೆಗಳನ್ನೆಲ್ಲ ಆಮೇಲೆ ಸಾಫ್ಟ್‌ವೇರಿನಲ್ಲಿ ತೆಗೆಯಬಹುದಲ್ಲ? ಎಲ್ಲವನ್ನೂ ಆಗದು. ಸೆಕೆಂಡಿಗೆ 250 ಸಲ ಅಳೆಯುವ ಎಡಿಸಿಗೆ 240 ಹರ್ಟ್ಸಿನ ಬೇಡದ ಅಲೆ ನುಗ್ಗಿದರೆ ಅದು 10 ಹರ್ಟ್ಸ್ ಅಲೆಯ ವೇಷ ತೊಟ್ಟು ಬರುತ್ತದೆ. ಹೃದಯದ ಸಂಕೇತವೂ ಅದೇ ಆಸುಪಾಸಿನದು. ಅಂಕಿಯಾದ ಮೇಲೆ ಯಾವುದು ಯಾವುದೆಂದು ಬಿಡಿಸುವ ದಾರಿ ಇಲ್ಲ. ಅದನ್ನು ಎಡಿಸಿಯ ಬಾಗಿಲಲ್ಲೇ ತಡೆಯಬೇಕು. ಎಷ್ಟೋ ಕಡೆ ಒಂದು ರೆಸಿಸ್ಟರು, ಒಂದು ಕೆಪಾಸಿಟರು ಸಾಕು.

ಹಾಗೆಂದು ಸೋಸಿದಷ್ಟೂ ಒಳ್ಳೆಯದು ಎಂದಲ್ಲ. ಉಸಿರಾಟಕ್ಕೆ ಗೆರೆ ತೂಗಾಡುವುದನ್ನು ನಿಲ್ಲಿಸಲು 0.5 ಹರ್ಟ್ಸ್‌ಗಿಂತ ನಿಧಾನವಾದದ್ದನ್ನು ಕತ್ತರಿಸಿದರೆ ಚಿತ್ರ ಅಂದವಾಗುತ್ತದೆ, ನಿಜ. ಆದರೆ ಸರಳ ಫಿಲ್ಟರ್ ಇಸಿಜಿ ಗೆರೆಯ ಎಸ್‌ಟಿ ಎಂಬ ಭಾಗವನ್ನೂ ವಕ್ರಗೊಳಿಸಬಹುದು. ಹೃದಯಾಘಾತದ ಸುಳಿವನ್ನು ವೈದ್ಯರು ಹುಡುಕುವುದು ಅಲ್ಲೇ. ಬಡಿತ ಎಣಿಸುವ ಐಸಿಯು ಮಾನಿಟರಿಗೆ ಅದು ನಡೆದೀತು. ರೋಗ ಪತ್ತೆಗೆ 0.05ರಿಂದ 150 ಹರ್ಟ್ಸ್‌ವರೆಗೂ ಬಿಡುವುದೇ ವಾಡಿಕೆ, ಗೆರೆ ಕೊಂಚ ಕುಣಿದರೂ ಸರಿ. ಎಷ್ಟು ಸೋಸಿದೆ ಎಂಬುದನ್ನು ಇಸಿಜಿ ಹಾಳೆಯ ಅಂಚಿನಲ್ಲಿ, 25 ಮಿ.ಮೀ./ಸೆಕೆಂಡ್ ಎಂಬುದರ ಪಕ್ಕದಲ್ಲೇ ಸಾಮಾನ್ಯವಾಗಿ ಅಚ್ಚು ಹಾಕಿರುತ್ತಾರೆ.