‘ಅಯ್ಯೋ’ಗೆ ಹೆಸರಿಟ್ಟವರು

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೊರಟ ಬಸ್ಸು ವಯನಾಡಿನ ಮುತ್ತಂಗ ಕಾಡಿನಲ್ಲಿ ಗಕ್ಕನೆ ನಿಂತು, ಎದುರಿಗೆ ಆನೆ ಕಂಡರೆ ಒಳಗಿದ್ದವರ ಬಾಯಿಂದ ಬರುವುದು ಒಂದೇ ಮಾತು: ‘ಅಯ್ಯೋ!’ ಆ ಗಳಿಗೆಯಲ್ಲಿ ಕನ್ನಡದವರು, ಮಲಯಾಳದವರು ಎಂಬ ಭೇದವಿಲ್ಲ. ವ್ಯಾಕರಣದ ಪಾಠಕ್ಕೆ ಬಂದಾಗ ಮಾತ್ರ ದಾರಿ ಬೇರೆಯಾಗುತ್ತದೆ. ಅದನ್ನು ಗುಂಡ್ಲುಪೇಟೆಯ ಹುಡುಗಿ ‘ಭಾವಸೂಚಕಾವ್ಯಯ’ ಎನ್ನುತ್ತಾಳೆ, ಬತ್ತೇರಿಯ ಹುಡುಗ ‘ವ್ಯಾಕ್ಷೇಪಕ’ ಎನ್ನುತ್ತಾನೆ.

ವ್ಯಾಕ್ಷೇಪಕದ ಒಳಗಿರುವುದು ‘ಎಸೆ’ ಎಂಬರ್ಥದ ಕ್ಷಿಪ್ ಧಾತು; ನಮ್ಮ ಆಕ್ಷೇಪ, ನಿಕ್ಷೇಪಗಳೂ ಅದರ ಸಂತಾನವೇ. 1896ರಲ್ಲಿ ಮಲಯಾಳದ ವ್ಯಾಕರಣ ‘ಕೇರಳಪಾಣಿನೀಯಂ’ ಬರೆದ ಎ.ಆರ್. ರಾಜರಾಜವರ್ಮ ಇದನ್ನು ದ್ಯೋತಕಗಳ, ಅಂದರೆ ಸ್ವತಂತ್ರ ಅರ್ಥವಿಲ್ಲದೆ ಸೂಚನೆಯನ್ನಷ್ಟೇ ಕೊಡುವ ಪದಗಳ, ಗುಂಪಿಗೆ ಸೇರಿಸಿದರು. ಇಂಗ್ಲಿಷಿನ ‘ಇಂಟರ್ಜೆಕ್ಷನ್’ ಕೂಡ ಎಸೆತವೇ: ಲ್ಯಾಟಿನ್ನಿನಲ್ಲಿ ‘ನಡುವೆ ಎಸೆದದ್ದು’ ಎಂದರ್ಥ. ಗ್ರೀಕರು ಇಂಥ ಮಾತುಗಳನ್ನು ಕ್ರಿಯಾವಿಶೇಷಣಗಳ ಜೊತೆಗೇ ಇಟ್ಟಿದ್ದರು. ಪ್ರತ್ಯೇಕ ಪದವರ್ಗ ಕೊಟ್ಟವರು ರೋಮಿನ ವೈಯಾಕರಣರು. ಮಲಯಾಳದ ಹೆಸರಿನ ಮೇಲೆ ಈ ಲ್ಯಾಟಿನ್ ಹೆಸರಿನ ನೆರಳು ಬಿದ್ದಿದೆ ಎಂದೇ ನನಗೆ ತೋರುತ್ತದೆ.

ಸಂಸ್ಕೃತದಲ್ಲಿ ಎಸೆತವಿರಲಿಲ್ಲ, ಬೀಳುವಿಕೆ ಇತ್ತು. ಪದಗಳ ನಿಷ್ಪತ್ತಿ ಹೇಳುವ ಪ್ರಾಚೀನ ಗ್ರಂಥ, ಯಾಸ್ಕನ ನಿರುಕ್ತ, ಪದಗಳನ್ನು ನಾಲ್ಕಾಗಿ ವಿಂಗಡಿಸಿ, ಕೊನೆಯದನ್ನು ‘ನಿಪಾತ’ ಎಂದಿತು. ನಾನಾ ಅರ್ಥಗಳಲ್ಲಿ ಬಂದು ಬೀಳುವಂಥವು ಎಂದು ವಿವರಣೆ. ಈ ನಿಪಾತಗಳೂ ಅವ್ಯಯಗಳೇ: ಲಿಂಗ, ವಚನ, ವಿಭಕ್ತಿಗಳಿಂದ ಬದಲಾಗದ್ದು, ಅಂದರೆ ವ್ಯಯವಾಗದ್ದು, ಅವ್ಯಯ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ತನ್ನ ಕನ್ನಡ ವ್ಯಾಕರಣ ಶಬ್ದಮಣಿದರ್ಪಣದ ಎಂಟನೆಯ ಪ್ರಕರಣವನ್ನು ಅವ್ಯಯಗಳಿಗೇ ಮೀಸಲಿಟ್ಟ.

ಆದರೆ ‘ಅಯ್ಯೋ’ ಹುಟ್ಟಿನಿಂದ ಅವ್ಯಯವೇ? ಅಲ್ಲ. ಬಾಯಿಬಿಟ್ಟು ಹೇಳಿ ನೋಡಿ: ಅಯ್ಯ, ಅದರ ಕೊನೆಗೆ ಕೂಗಿ ಕರೆಯುವ ‘ಓ’. ಅಪ್ಪಾ, ಅಮ್ಮಾ ಎಂದು ನರಳುವಾಗಲೂ ಇದೇ ಕತೆ. ಕಷ್ಟ ಬಂದಾಗ ಹಿರಿಯರನ್ನು ಕರೆದ ಸಂಬೋಧನೆ ನಾಲಿಗೆಯಲ್ಲಿ ಸವೆದು ಸವೆದು, ಕರೆಸಿಕೊಂಡವರು ಮರೆಯಾಗಿ ಕೂಗಷ್ಟೇ ಉಳಿಯಿತು. ನಾಮಪದವೊಂದು ಹೀಗೆ ಅವ್ಯಯವಾಯಿತು. ‘ಅಯ್ಯೋ, ಆನೆ ಬಂತು’ ಎಂಬಲ್ಲಿ ‘ಅಯ್ಯೋ’ ತೆಗೆದರೂ ವಾಕ್ಯ ಪೂರ್ತಿಯಾಗಿಯೇ ಇರುತ್ತದೆ. ಹೋಗುವುದು ಹೇಳಿದವರ ಎದೆಬಡಿತ ಮಾತ್ರ.

ಅದಕ್ಕೇ ಕನ್ನಡದ ಹೆಸರು ನನಗೆ ಹೆಚ್ಚು ಹಿಡಿಸುತ್ತದೆ. ಎಸೆತ, ಬೀಳುವಿಕೆ ಎರಡೂ ಪದದ ಚಲನೆಯನ್ನು ಹೇಳುತ್ತವೆ. ಭಾವಸೂಚಕ ಎಂಬುದು ಮನುಷ್ಯನನ್ನು ನೋಡಿ ಇಟ್ಟ ಹೆಸರು.

2016ರಲ್ಲಿ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ‘ಅಯ್ಯೋ’ವನ್ನು ತನ್ನೊಳಗೆ ಸೇರಿಸಿಕೊಂಡಿತು. ಅಲ್ಲಿ ಅದು ಇಂಟರ್ಜೆಕ್ಷನ್.