ಕಬ್ಬಿನ ಹಣವೂ ಸೂಚ್ಯಂಕವೂ

ಪುಣೆಯಿಂದ ಸುಮಾರು ನೂರು ಕಿಲೋಮೀಟರು ದೂರದಲ್ಲಿರುವ ಬಾರಾಮತಿಯ ಸೀಮೆಯಲ್ಲಿ ‘ಷೇರು’ ಎಂಬ ಮಾತು ಹೊಸದಲ್ಲ. ನೀರಾ ಎಡದಂಡೆ ಕಾಲುವೆಯ ನೀರನ್ನುಂಡು ಬೆಳೆದ ಕಬ್ಬು ಮಾಳೇಗಾವ್ ಮತ್ತು ಸೋಮೇಶ್ವರದ ಸಹಕಾರಿ ಸಕ್ಕರೆ ಕಾರ್ಖಾನೆಗಳಿಗೆ ಸಾಗುತ್ತದೆ. ಆ ಕಾರ್ಖಾನೆಗಳಿಗೆ ರೈತರೇ ಷೇರುದಾರರು. ಈಗ ಅಂಥ ಮನೆಗಳ ಮಕ್ಕಳು ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಉದ್ಯೋಗಕ್ಕೆ ಸೇರುತ್ತಿದ್ದಾರೆ. ಅವರು ಹಬ್ಬಕ್ಕೆ ಊರಿಗೆ ಬಂದಾಗ ಬೇರೊಂದು ಬಗೆಯ ಷೇರಿನ ಮಾತನ್ನು ಎತ್ತುವುದುಂಟು. ಕಬ್ಬಿನ ಬಿಲ್ಲಿನ ಹಣವನ್ನು ಅಮೆರಿಕದ ನಾಸ್ಡಾಕ್-100 ಸೂಚ್ಯಂಕದಲ್ಲಿ ತೊಡಗಿಸಬಾರದೇಕೆ ಎಂಬುದು ಮಗನ ಪ್ರಶ್ನೆ. ಅದೆಂಥ ಕಾರ್ಖಾನೆ, ಯಾರು ಅಧ್ಯಕ್ಷರು ಎಂಬುದು ತಂದೆಯ ಪ್ರಶ್ನೆ. ಎರಡೂ ನ್ಯಾಯವಾದ ಪ್ರಶ್ನೆಗಳೆಂದೇ ನಾವು ಭಾವಿಸುತ್ತೇವೆ.

ಸಹಕಾರಿ ಕಾರ್ಖಾನೆಯಲ್ಲಿ ಎಷ್ಟೇ ಷೇರುಗಳಿದ್ದರೂ ಸದಸ್ಯನಿಗೆ ಒಂದೇ ಮತ. ಆ ಷೇರಿನ ಬೆಲೆ ದಿನದಿನಕ್ಕೂ ಏರಿಳಿಯುವುದಿಲ್ಲ. ತನ್ನ ಕಬ್ಬನ್ನು ಅರೆಯಲು ಒಂದು ಸ್ಥಳವಿದೆಯೆಂಬ ಭರವಸೆಯೇ ಅದರ ಮುಖ್ಯ ಫಲ. ಪೇಟೆಯ ಷೇರು ಹಾಗಲ್ಲ. ಅದರ ಬೆಲೆ ಪೇಟೆ ತೆರೆದಿರುವಷ್ಟು ಹೊತ್ತೂ ಕೊಳ್ಳುವವರ ಹಾಗೂ ಮಾರುವವರ ನಡುವೆ ತೂಗುತ್ತಿರುತ್ತದೆ.

ಸೂಚ್ಯಂಕವಂತೂ ಕಾರ್ಖಾನೆಯೇ ಅಲ್ಲ, ಅದೊಂದು ಲೆಕ್ಕ. ನಾಸ್ಡಾಕ್ ಪೇಟೆ 1971ರಲ್ಲಿ ಆರಂಭವಾಯಿತು. ಅಲ್ಲಿ ನಮೂದಾದ, ಹಣಕಾಸಿನ ವ್ಯವಹಾರಕ್ಕೆ ಸೇರದ ಕಂಪನಿಗಳಲ್ಲಿ ಅತಿ ದೊಡ್ಡವಾದ ನೂರನ್ನು ಆರಿಸಿ 1985ರಲ್ಲಿ ಈ ಸೂಚ್ಯಂಕವನ್ನು ರಚಿಸಿದರು. ನಮ್ಮ ತರಗತಿಯ ಸರಾಸರಿ ತೆಗೆಯುವಾಗ ಪ್ರತಿಯೊಬ್ಬರ ಅಂಕಕ್ಕೂ ಸಮಾನ ಬೆಲೆ. ಇಲ್ಲಿ ಮಾತ್ರ ದೊಡ್ಡವರ ಅಂಕಕ್ಕೆ ಹೆಚ್ಚು ತೂಕ. ಆದುದರಿಂದ ಹೆಸರಿಗೆ ನೂರು ಕಂಪನಿಗಳಾದರೂ ಆಪಲ್, ಮೈಕ್ರೋಸಾಫ್ಟ್, ಎನ್ವಿಡಿಯಾ ಮೊದಲಾದ ಕೆಲವೇ ಕಂಪನಿಗಳು ಇಡೀ ಲೆಕ್ಕವನ್ನು ಎಳೆದಾಡುತ್ತವೆ. ಸೂಚ್ಯಂಕವನ್ನು ಅನುಸರಿಸುವ ನಿಧಿಯವರು ಅದೇ ತೂಕದ ಪ್ರಮಾಣದಲ್ಲಿ ಎಲ್ಲವನ್ನೂ ಕೊಂಡಿಡುತ್ತಾರೆ. ಆಯ್ಕೆಯ ಶ್ರಮವಿಲ್ಲದ್ದರಿಂದ ಅವರ ಖರ್ಚು ಕಡಿಮೆ.

ಈ ಪಟ್ಟಿಯಲ್ಲಿ ನಮ್ಮವರೂ ಒಂದು ಕಾಲಕ್ಕೆ ಇದ್ದರು. ಇನ್ಫೋಸಿಸ್ ಸಂಸ್ಥೆಯನ್ನು ಏಳು ಮಂದಿ 1981ರಲ್ಲಿ ಕಟ್ಟಿದ್ದು ಪುಣೆಯಲ್ಲೇ, ಹತ್ತು ಸಾವಿರ ರೂಪಾಯಿಗಳ ಬಂಡವಾಳದಿಂದ. 1983ರಲ್ಲಿ ಅದು ಬೆಂಗಳೂರಿಗೆ ಹೋಯಿತು. 1993ರಲ್ಲಿ 95 ರೂಪಾಯಿಗೆ ಒಂದರಂತೆ ಷೇರುಗಳನ್ನು ಸಾರ್ವಜನಿಕರ ಮುಂದಿಟ್ಟಾಗ ಕೊಳ್ಳುವವರು ಸಾಕಷ್ಟು ಮುಂದೆ ಬರಲಿಲ್ಲವೆಂಬುದು ಇಂದು ನಂಬಲಾಗದ ಸಂಗತಿ! 1999ರಲ್ಲಿ ಅದು ನಾಸ್ಡಾಕಿನಲ್ಲಿ ನಮೂದಾದ ಭಾರತದ ಮೊದಲ ಕಂಪನಿಯಾಯಿತು. 2006ರಲ್ಲಿ ನೂರರ ಪಟ್ಟಿಯನ್ನು ಸೇರಿ, 2012ರಲ್ಲಿ ನ್ಯೂಯಾರ್ಕಿನ ಇನ್ನೊಂದು ಪೇಟೆಗೆ ಸ್ಥಳಾಂತರಗೊಂಡುದರಿಂದ ಪಟ್ಟಿಯಿಂದ ಹೊರಬಂತು. ಸೂಚ್ಯಂಕದ ಗುಣವೇ ಇದು: ಹೋದವರ ಸ್ಥಾನಕ್ಕೆ ಇನ್ನೊಬ್ಬರು ಬರುತ್ತಾರೆ, ಹಣ ಹಾಕಿದವನು ಯಾರನ್ನೂ ಆರಿಸಬೇಕಾಗಿಲ್ಲ.

ಮಗ ಹೇಳುವುದು ಇಷ್ಟನ್ನೇ. ಅವನು ಹೇಳದೆ ಬಿಡುವ ಭಾಗ ಇನ್ನೊಂದಿದೆ. ನಾಸ್ಡಾಕಿನ ಸಮಗ್ರ ಸೂಚ್ಯಂಕ 2000ದ ಮಾರ್ಚಿ 10ರಂದು 5,048ಕ್ಕೇರಿತ್ತು. 2002ರ ಅಕ್ಟೋಬರಿನಲ್ಲಿ ಅದೇ 1,114ಕ್ಕೆ ಕುಸಿಯಿತು. ಹಳೆಯ ಎತ್ತರವನ್ನು ಮತ್ತೆ ಮುಟ್ಟಿದ್ದು 2015ರ ಏಪ್ರಿಲಿನಲ್ಲಿ. ಅಂದು ಹಣ ಹಾಕಿದವನ ಮಗು ಒಂದನೆಯ ತರಗತಿಯಲ್ಲಿದ್ದರೆ, ಬಂಡವಾಳ ಮರಳುವ ವೇಳೆಗೆ ಅದರ ಕಾಲೇಜೂ ಮುಗಿದಿತ್ತು. ನಮ್ಮವರಿಗೆ ಡಾಲರಿನ ಬೆಲೆ ಏರಿದ್ದರಿಂದ ಸ್ವಲ್ಪ ಆಸರೆ ಸಿಕ್ಕುತ್ತಿತ್ತೆಂಬುದು ನಿಜ. ಆದರೆ ಅದು ಬೇರೊಂದು ಜೂಜು. ದೂರದ ಕಥೆಯೆನ್ನುವವರು 2022ನ್ನು ನೋಡಲಿ: ಆ ವರ್ಷ ನಾಸ್ಡಾಕ್-100 ಸುಮಾರು ಮೂರನೆಯ ಒಂದು ಭಾಗದಷ್ಟು ಇಳಿಯಿತು, ಮರುವರ್ಷ ಅರ್ಧಕ್ಕೂ ಮಿಕ್ಕಿ ಏರಿತು.

ತಿಂಗಳು ತಿಂಗಳೂ ಸಮನಾದ ಕಂತು ಹಾಕಿದರೆ ಈ ಏರಿಳಿತ ಕಾಡದೆಂದು ಹೇಳುವುದುಂಟು. ಪರೀಕ್ಷಿಸೋಣ. ಬೆಲೆ 100, 50, 25, 50 ಎಂದು ಸಾಗಿದರೆ, ತಿಂಗಳಿಗೆ ನೂರು ರೂಪಾಯಿಯಂತೆ 1, 2, 4, 2, ಒಟ್ಟು 9 ಪಾಲುಗಳು ದೊರೆಯುತ್ತವೆ. ಹಾಕಿದ್ದು 400, ಬೆಲೆಯಾದದ್ದು 450. ಬೆಲೆ ಇನ್ನೂ ಮೊದಲಿನ ಅರ್ಧದಷ್ಟೇ ಇದ್ದರೂ ನಷ್ಟವಿಲ್ಲ! ಆದರೆ ಮೂರನೆಯ ತಿಂಗಳಲ್ಲೇ ಹಣ ಬೇಕಾಯಿತೆನ್ನಿ. 300 ಹಾಕಿದವನ ಕೈಗೆ ಬರುವುದು 175. ಲೆಕ್ಕ ಅದೇ, ಅವಸರ ಮಾತ್ರ ಬೇರೆ.

ಕಬ್ಬಿನ ಮನೆಯ ಅವಸರವಾದರೋ ತಿಂಗಳ ಸಂಬಳದಂತೆ ಬರುವುದಲ್ಲ. ಆಡಸಾಲಿ ಕಬ್ಬನ್ನು ಮಳೆಗಾಲದಲ್ಲಿ ನಾಟಿಮಾಡಿ ಕಟಾವಿಗೆ ಸುಮಾರು ಒಂದೂವರೆ ವರ್ಷ ಕಾಯಬೇಕು. ಕಬ್ಬು ಒಪ್ಪಿಸಿದ 14 ದಿನಗಳಲ್ಲಿ ಹಣ ಸಲ್ಲಬೇಕೆಂಬ ನಿಯಮವಿದೆ. ಬಂದ ಆ ಒಂದೇ ಗಂಟಿನಲ್ಲಿ ಸೊಸೈಟಿಯ ಸಾಲ, ಮುಂದಿನ ಬೆಳೆಯ ಗೊಬ್ಬರ, ಜೂನಿನಲ್ಲಿ ಕಟ್ಟಬೇಕಾದ ಮಗಳ ಕಾಲೇಜಿನ ಶುಲ್ಕ ಎಲ್ಲವೂ ಅಡಗಿವೆ. ಇವುಗಳಿಗೆ ಮೀಸಲಾದ ಹಣಕ್ಕೆ ಸೂಚ್ಯಂಕ ತಕ್ಕ ಸ್ಥಳವಲ್ಲ, ಬ್ಯಾಂಕಿನ ಠೇವಣಿಯೇ ಸರಿ. ಇವೆಲ್ಲ ಕಳೆದು ಹತ್ತು ಹದಿನೈದು ವರ್ಷ ಮುಟ್ಟದೆ ಇಡಬಲ್ಲ ಹಣ ಉಳಿದರೆ ತಂದೆ ಅದರಲ್ಲಿ ಸ್ವಲ್ಪವನ್ನು ಹಾಕಲಿ, ನಮ್ಮ ಆಕ್ಷೇಪವಿಲ್ಲ. ಅವನ ಹೊಲಕ್ಕೂ ಅಮೆರಿಕದ ಗಣಕಯಂತ್ರಗಳಿಗೂ ಒಂದೇ ಕಾಲಕ್ಕೆ ಬರ ಬರಬೇಕೆಂಬ ನಿಯಮವೇನೂ ಇಲ್ಲ.

ಎಚ್ಚರಿಕೆ ಹೆಚ್ಚು ಬೇಕಾದದ್ದು ಮಗನಿಗೇ ಎಂದು ನಮಗೆ ತೋರುತ್ತದೆ. ಅವನ ಸಂಬಳ ಬರುವುದು ಆ ಉದ್ಯಮದಿಂದ, ಉಳಿತಾಯವೂ ಅದೇ ಉದ್ಯಮದಲ್ಲಿ. ಅಮೆರಿಕದ ಕಂಪನಿಗಳು ಖರ್ಚು ಬಿಗಿಹಿಡಿದ ವರ್ಷ ಹಿಂಜವಡಿಯ ಕೆಲಸವೂ ಸೂಚ್ಯಂಕದ ಹಣವೂ ಒಟ್ಟಿಗೆ ಸೊರಗಬಹುದು. ಆಗ ಅವನು ಬಾರಾಮತಿಯ ಬಸ್ಸು ಹಿಡಿದು ಬಂದರೆ, ಮನೆಯಲ್ಲಿ ಆ ಕಬ್ಬಿನ ಠೇವಣಿಯೊಂದಾದರೂ ಉಳಿದಿರಬೇಕು.