ಜಿಯೋಪಾಲಿಮರ್ ಕಾಂಕ್ರೀಟ್

ಜಿಯೋಪಾಲಿಮರ್ ಕಾಂಕ್ರೀಟ್ ಎಂಬುದು ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಳಸದೆ ತಯಾರಿಸುವ ಕಾಂಕ್ರೀಟ್. ಸಿಲಿಕಾ ಮತ್ತು ಅಲ್ಯುಮಿನಾ ಹೇರಳವಾಗಿರುವ ಕೈಗಾರಿಕಾ ಉಪೋತ್ಪನ್ನಗಳನ್ನು ಕ್ಷಾರ ದ್ರಾವಣದೊಂದಿಗೆ ಬೆರೆಸಿದಾಗ ಉಂಟಾಗುವ ಬಂಧಕವು ಇದರಲ್ಲಿ ಜಲ್ಲಿ ಮತ್ತು ಮರಳನ್ನು ಹಿಡಿದಿಡುತ್ತದೆ. 'ಜಿಯೋಪಾಲಿಮರ್' ಎಂಬ ಹೆಸರನ್ನು 1970ರ ದಶಕದಲ್ಲಿ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಜೋಸೆಫ್ ಡೇವಿಡೋವಿಟ್ಸ್ ಬಳಕೆಗೆ ತಂದರು.

ಹಿನ್ನೆಲೆ

ಸಿಮೆಂಟ್ ತಯಾರಿಕೆಯಲ್ಲಿ ಸುಣ್ಣದಕಲ್ಲನ್ನು ಸುಡುವಾಗ ಕಲ್ಲಿನಿಂದಲೂ ಇಂಧನದಿಂದಲೂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇನ್ನೊಂದೆಡೆ, ಕಲ್ಲಿದ್ದಲು ಉರಿಸುವ ಸ್ಥಾವರಗಳ ಹಾರುಬೂದಿ ಮತ್ತು ಉಕ್ಕಿನ ಕಾರ್ಖಾನೆಗಳ ಊದುಕುಲುಮೆಯ ಕಿಟ್ಟ ರಾಶಿಬೀಳುತ್ತವೆ. ಈ ಎರಡೂ ಸಮಸ್ಯೆಗಳಿಗೆ ಒಂದೇ ಪರಿಹಾರವಾಗಬಲ್ಲದೆಂಬ ಕಾರಣಕ್ಕೆ ಈ ಕಾಂಕ್ರೀಟ್ ಗಮನ ಸೆಳೆದಿದೆ.

ಸುಟ್ಟ ಜೇಡಿಯ ಸಿಲಿಕಾ ಮತ್ತು ಅಲ್ಯುಮಿನಾಗಳನ್ನು ಬಂಧಕವಾಗಿಸುವುದು ಕರ್ನಾಟಕಕ್ಕೆ ಹೊಸತಲ್ಲ. ಕನ್ನಂಬಾಡಿಯ ಕೃಷ್ಣರಾಜಸಾಗರ ಅಣೆಕಟ್ಟೆಯನ್ನು ಸುಣ್ಣ ಮತ್ತು ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆಯಿಂದ ಕಟ್ಟಲಾಯಿತು. ಅಲ್ಲಿ ಸುಣ್ಣ ಮಾಡಿದ ಕೆಲಸವನ್ನು ಇಲ್ಲಿ ಪ್ರಬಲ ಕ್ಷಾರ ಮಾಡುತ್ತದೆ. ಆದರೆ ಉಂಟಾಗುವ ಬಂಧಕದ ರಚನೆ ಬೇರೆ.

ಕಚ್ಚಾವಸ್ತುಗಳು

ರಾಯಚೂರು ಜಿಲ್ಲೆಯ ಶಕ್ತಿನಗರ ಮತ್ತು ಯರಮರಸ್, ಬಳ್ಳಾರಿ ಜಿಲ್ಲೆಯ ಕುಡತಿನಿಯ ಉಷ್ಣವಿದ್ಯುತ್ ಸ್ಥಾವರಗಳು ರಾಜ್ಯದಲ್ಲಿ ಹಾರುಬೂದಿಯ ಮುಖ್ಯ ಮೂಲಗಳು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಕಿಟ್ಟ ದೊರೆಯುತ್ತದೆ. ಕರಗಿದ ಕಿಟ್ಟವನ್ನು ನೀರಿನಿಂದ ಥಟ್ಟನೆ ತಣಿಸಿ, ನುಣ್ಣಗೆ ಅರೆದ ಪುಡಿಯೇ ಜಿಜಿಬಿಎಸ್. ಕ್ಷಾರ ದ್ರಾವಣಕ್ಕೆ ಸಾಮಾನ್ಯವಾಗಿ ಸೋಡಿಯಂ ಹೈಡ್ರಾಕ್ಸೈಡ್ ಮತ್ತು ಸೋಡಿಯಂ ಸಿಲಿಕೇಟ್ ಬಳಸುತ್ತಾರೆ.

ಬಲ

ಕ್ಷಾರವು ಬೂದಿಯಲ್ಲಿನ ಸಿಲಿಕಾ ಮತ್ತು ಅಲ್ಯುಮಿನಾಗಳನ್ನು ಕರಗಿಸುತ್ತದೆ; ಅವು ಮತ್ತೆ ಕೂಡಿಕೊಂಡು ಮೂರು ಆಯಾಮದ ಜಾಲವಾಗಿ ಗಟ್ಟಿಯಾಗುತ್ತವೆ. ಭಾರತದ ಹಾರುಬೂದಿಯಲ್ಲಿ ಬಹುಪಾಲು ಕಡಿಮೆ ಕ್ಯಾಲ್ಸಿಯಂ ಉಳ್ಳದ್ದು. ಇದು ಸಾಮಾನ್ಯ ತಾಪಮಾನದಲ್ಲಿ ನಿಧಾನವಾಗಿ ಗಟ್ಟಿಯಾಗುವುದರಿಂದ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಕಾಯಿಸುವುದು ರೂಢಿ. ಹೀಗೆ ಹದಗೊಳಿಸಿದ ಕಾಂಕ್ರೀಟ್ ಕೆಲವೇ ದಿನಗಳಲ್ಲಿ ತನ್ನ ಬಲದ ಬಹುಭಾಗವನ್ನು ಪಡೆಯುತ್ತದೆ. ಮಿಶ್ರಣಕ್ಕನುಗುಣವಾಗಿ 30ರಿಂದ 80 ಮೆಗಾಪಾಸ್ಕಲ್‌ವರೆಗಿನ ಒತ್ತಡ ಬಲ ದೊರೆಯುತ್ತದೆ. ಜಿಜಿಬಿಎಸ್ ಸೇರಿಸಿದರೆ ಅದರ ಕ್ಯಾಲ್ಸಿಯಂನಿಂದಾಗಿ ಕಾಯಿಸದೆಯೂ ಬಲ ಬರುತ್ತದೆ. ಆದರೆ ಅದರ ಪ್ರಮಾಣ ಹೆಚ್ಚಿದಂತೆ ಮಿಶ್ರಣ ಬೇಗ ಬಿಗಿಯುತ್ತದೆ ಮತ್ತು ಒಣಗುವಾಗ ಹೆಚ್ಚು ಕುಗ್ಗಿ ಬಿರುಕು ಬಿಡಬಹುದು.

ಬಾಳಿಕೆ

ಚರಂಡಿ ಕೊಳವೆಗಳಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲವನ್ನು ಬ್ಯಾಕ್ಟೀರಿಯಾಗಳು ಗಂಧಕಾಮ್ಲವಾಗಿ ಬದಲಿಸುತ್ತವೆ. ಈ ಆಮ್ಲವು ಸಾಮಾನ್ಯ ಕಾಂಕ್ರೀಟಿನ ಕ್ಯಾಲ್ಸಿಯಂ ಸಂಯುಕ್ತಗಳನ್ನು ಜಿಪ್ಸಂ ಆಗಿಸಿ ಕೊಳವೆಯನ್ನು ಕೊರೆಯುತ್ತದೆ. ಕಡಿಮೆ ಕ್ಯಾಲ್ಸಿಯಂ ಉಳ್ಳ ಜಿಯೋಪಾಲಿಮರ್ ಕಾಂಕ್ರೀಟ್ ಇಂಥ ಆಮ್ಲಗಳಿಗೂ ಸಲ್ಫೇಟುಗಳಿಗೂ ಹೆಚ್ಚು ತಡೆಯೊಡ್ಡುತ್ತದೆ. ಬೆಂಕಿಯ ಶಾಖವನ್ನೂ ಸಾಮಾನ್ಯವಾಗಿ ಚೆನ್ನಾಗಿ ತಾಳುತ್ತದೆ.

ಕ್ಯಾಲ್ಸಿಯಂ ಕಡಿಮೆಯಿರುವುದೇ ಇನ್ನೊಂದು ಬಗೆಯಲ್ಲಿ ದೌರ್ಬಲ್ಯವೂ ಹೌದು. ಸಾಮಾನ್ಯ ಕಾಂಕ್ರೀಟಿನಲ್ಲಿ ಸಂಗ್ರಹವಾಗಿರುವ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ, ಒಳಗಿನ ಕ್ಷಾರತೆಯನ್ನು ಬಹುಕಾಲ ಉಳಿಸುತ್ತದೆ. ಅದರಿಂದ ಕಬ್ಬಿಣದ ಸರಳುಗಳಿಗೆ ತುಕ್ಕು ಹಿಡಿಯುವುದಿಲ್ಲ. ಜಿಯೋಪಾಲಿಮರ್‌ನಲ್ಲಿ ಅಂಥ ಸಂಗ್ರಹವಿಲ್ಲ. ಆದ್ದರಿಂದ ಸರಳು ಹಾಕಿದ ರಚನೆಗಳಲ್ಲಿ ಕಾಂಕ್ರೀಟ್ ದಟ್ಟವಾಗಿರುವುದು ಮತ್ತು ಸರಳಿನ ಮೇಲಿನ ಹೊದಿಕೆ ಸಾಕಷ್ಟು ದಪ್ಪವಾಗಿರುವುದು ಮುಖ್ಯ. ಅತಿಯಾದ ಸೋಡಿಯಂ ಉಳಿದರೆ ಮೇಲ್ಮೈಯಲ್ಲಿ ಬಿಳಿಯ ಉಪ್ಪು ಮೂಡುತ್ತದೆ.

ಬಳಕೆ ಮತ್ತು ಮಿತಿಗಳು

ಆಸ್ಟ್ರೇಲಿಯಾದ ಟುವೂಂಬಾ ಬಳಿಯ ವೆಲ್‌ಕ್ಯಾಂಪ್ ವಿಮಾನ ನಿಲ್ದಾಣದಲ್ಲಿ 2014ರ ವೇಳೆಗೆ ಸುಮಾರು 40,000 ಘನ ಮೀಟರ್ ಜಿಯೋಪಾಲಿಮರ್ ಕಾಂಕ್ರೀಟ್ ಬಳಸಲಾಯಿತು. ಭಾರತೀಯ ಮಾನಕ ಬ್ಯೂರೋ 2020ರಲ್ಲಿ ಕ್ಷಾರ ಪ್ರಚೋದಿತ ಕಾಂಕ್ರೀಟಿನ ಪೂರ್ವನಿರ್ಮಿತ ಉತ್ಪನ್ನಗಳಿಗಾಗಿ ಐಎಸ್ 17452 ಮಾರ್ಗಸೂಚಿಯನ್ನು ಪ್ರಕಟಿಸಿತು. ಕಾರ್ಖಾನೆಯಲ್ಲಿ ಶಾಖ ಮತ್ತು ಮಿಶ್ರಣವನ್ನು ನಿಯಂತ್ರಿಸುವುದು ಸುಲಭವಾದ್ದರಿಂದ ನೆಲಗಟ್ಟು ಬ್ಲಾಕ್‌ನಂಥ ವಸ್ತುಗಳಿಗೆ ಇದು ಹೆಚ್ಚು ಹೊಂದುತ್ತದೆ.

ಪ್ರಬಲ ಕ್ಷಾರವು ಚರ್ಮ ಮತ್ತು ಕಣ್ಣನ್ನು ಸುಡುವುದರಿಂದ ಕೆಲಸಗಾರರಿಗೆ ಕೈಗವಸು, ಕನ್ನಡಕ ಅಗತ್ಯ. ಬೂದಿಯ ಗುಣ ಸ್ಥಾವರದಿಂದ ಸ್ಥಾವರಕ್ಕೆ ಬದಲಾಗುವುದರಿಂದ ಪ್ರತಿ ಮೂಲಕ್ಕೂ ಹೊಸದಾಗಿ ಪ್ರಾಯೋಗಿಕ ಮಿಶ್ರಣ ಮಾಡಬೇಕು. ಪರಿಸರ ಲಾಭದ ಲೆಕ್ಕದಲ್ಲಿ ಸೋಡಿಯಂ ಸಿಲಿಕೇಟ್ ತಯಾರಿಕೆಗೆ ತಗಲುವ ಶಕ್ತಿಯನ್ನೂ ಸಾಗಣೆಯನ್ನೂ ಸೇರಿಸಬೇಕಾಗುತ್ತದೆ. ಉದಾಹರಣೆಗೆ, ಬೆಂಗಳೂರಿನ ತುಮಕೂರು ರಸ್ತೆಯ ಮಾಕಳಿಯಂಥ ಸ್ಥಳಕ್ಕೆ ಬಳ್ಳಾರಿ, ರಾಯಚೂರುಗಳಿಂದ ಬೂದಿ ಮತ್ತು ಕಿಟ್ಟವನ್ನು ನೂರಾರು ಕಿಲೋಮೀಟರ್ ಸಾಗಿಸಬೇಕು.